ಒಂದು ಬದಿ ಖಾಲಿ

ಒಂಬತ್ತನೇ ತರಗತಿಗೆ ಅವರು ಕಲಿಸುತ್ತಿದ್ದ ವಿಷಯದ ಪೂರ್ತಿ ಹೆಸರು ‘ಪರಿಸರ ಸಂರಕ್ಷಣೆ ಮತ್ತು ಹಸಿರು ಉದ್ಯಮ’. ವೇಳಾಪಟ್ಟಿಯ ಚೌಕದಲ್ಲಿ ಅಷ್ಟು ಹಿಡಿಸದೆ ‘ಹಸಿರು’ ಎಂದಷ್ಟೇ ಬರೆದಿದ್ದರು. ಹೀಗಾಗಿ ಅವರು ಹಸಿರು ಮೇಡಂ. ಹುದ್ದೆ ತಾತ್ಕಾಲಿಕ. ಅಂತರಶಾಲಾ ಪ್ರದರ್ಶನದಲ್ಲಿ ಬಹುಮಾನ ಬಂದರೆ ವಿಷಯ ಉಳಿಯುತ್ತದೆ, ವಿಷಯ ಉಳಿದರೆ ನೀವೂ ಉಳಿಯುತ್ತೀರಿ ಎಂದು ಮುಖ್ಯೋಪಾಧ್ಯಾಯರು ಮೊದಲ ದಿನವೇ ಹೇಳಿದ್ದರು. ಅವರೇನೂ ಕೆಟ್ಟವರಲ್ಲ. ಬಿಸಿನೀರು ಗುಟುಕರಿಸುತ್ತಾ ಇಂಥ ಮಾತನ್ನು ಮೆತ್ತಗೆ ಹೇಳುವ ಅಭ್ಯಾಸ ಅವರದು.

ಮಕ್ಕಳ ಉದ್ಯಮ ಸರಳ. ಶಾಲೆಯ ಆಫೀಸಿನವರು ಒಂದು ಬದಿ ಮಾತ್ರ ಬಳಸಿ ಬಿಸಾಡಿದ ಹಾಳೆ ಆಯ್ದು, ನಲವತ್ತು ಹಾಳೆಗೊಂದು ನೋಟ್‌ಬುಕ್ ಹೊಲಿಯುವುದು. ಹೊಲಿಗೆಯ ಉಸ್ತುವಾರಿ ತಕ್ಕಡಿ ಎಂಬ ಅಡ್ಡಹೆಸರಿನ ಹುಡುಗಿಯದು. ಮೂವತ್ತೊಂಬತ್ತು ಹಾಳೆಗೆ ಅವಳು ಸೂಜಿ ಮುಟ್ಟುತ್ತಿರಲಿಲ್ಲ.

ಒಂದು ದಿನ ಸ್ಟೇಷನರಿ ಅಂಗಡಿಯವರು ಬಂದು, ಪುಸ್ತಕ ತಿರುವಿಹಾಕಿ, ಪ್ರದರ್ಶನದ ಹೊತ್ತಿಗೆ ಐವತ್ತು ಬೇಕು ಎಂದುಬಿಟ್ಟರು. ತರಗತಿ ಕುಣಿಯಿತು. ಆಫೀಸಿನ ಕಸದ ಬುಟ್ಟಿ ಮಾತ್ರ ಕುಣಿಯಲಿಲ್ಲ. ಮೇಡಂ ಮಾಡಿದ ಉಪದೇಶ ಕೇಳಿ ಗುಮಾಸ್ತರು ಹಾಳೆಯ ಎರಡೂ ಬದಿ ಬಳಸತೊಡಗಿದ್ದರು. ಪಾಠ ಚೆನ್ನಾಗಿಯೇ ನಾಟಿತ್ತು.

ಅತ್ತ ದರಿ, ಇತ್ತ ಪುಲಿ. ಮೇಡಂ ಒಂದು ಕಿರುಪರೀಕ್ಷೆ ಇಟ್ಟರು. ಹತ್ತು ಪ್ರಶ್ನೆ, ಹಾಳೆಗೊಂದರಂತೆ, ಹಿಂಬದಿಯಲ್ಲಿ ಬರೆಯಕೂಡದು. ಮರುದಿನ ಇನ್ನೊಂದು. ಮೂರನೆಯ ದಿನ ಮತ್ತೊಂದು. ಕಲಿತದ್ದು ಗಟ್ಟಿಯಾಗಲಿ ಅಂತ, ಎಂದು ತಮಗೆ ತಾವೇ ಹೇಳಿಕೊಂಡರು, ನಂಬಲೂ ನೋಡಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಆ ವಾರ ಅವರ ನೆನಪಿಗೆ ಬರಲೇ ಇಲ್ಲ. ಕೆಲಸ ಹೋದರೆ ಅಮ್ಮನಿಗೆ ಏನು ಹೇಳುವುದು ಎಂಬುದು ಮಾತ್ರ ದಿನವೂ ಬರುತ್ತಿತ್ತು.

ಪ್ರದರ್ಶನದ ಬೆಳಿಗ್ಗೆ ನಲವತ್ತೊಂಬತ್ತು ಪುಸ್ತಕ ಸಿದ್ಧವಾಗಿದ್ದವು. ಐವತ್ತನೆಯದಕ್ಕೆ ಒಂದು ಹಾಳೆ ಕಡಿಮೆ. ಮೇಡಂ ಪರೀಕ್ಷೆಗೆಂದು ತರಿಸಿದ್ದ ಕಟ್ಟಿನಿಂದ ಒಂದು ಹಾಳೆ ಎಳೆದುಕೊಟ್ಟರು.

“ಅದು ಹೊಸದು ಮೇಡಂ,” ಎಂದಳು ತಕ್ಕಡಿ. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಮೇಡಂ ಹಾಳೆ ವಾಪಸ್ ಇಟ್ಟರು.

ತೀರ್ಪುಗಾರ್ತಿ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂದು ಪುಸ್ತಕ ತೆಗೆದು ಹಿಂಬದಿ ನೋಡಿದರು. ‘ಕಾಗದ ಪೋಲಾಗುವುದನ್ನು ತಡೆಯುವ ಒಂದು ಕ್ರಮ ತಿಳಿಸಿ.’ ಕೆಳಗೆ ಉತ್ತರ: ‘ಹಾಳೆಯ ಎರಡೂ ಬದಿ ಬರೆಯುವುದು.’ ಮುಂದಿನ ಹಾಳೆಯಲ್ಲೂ ಅದೇ ಪ್ರಶ್ನೆ, ಬೇರೆ ಅಕ್ಷರದಲ್ಲಿ ಅದೇ ಉತ್ತರ. ಅದರ ಮುಂದಿನದರಲ್ಲೂ. ಇಷ್ಟೊಂದು ಹಾಳೆ ಎಲ್ಲಿಂದ ಬಂತು ಎಂದು ತಕ್ಕಡಿಯನ್ನು ಕೇಳಿದರು.

ತಕ್ಕಡಿ ಸುಳ್ಳು ಹೇಳುವವಳಲ್ಲ, ಮೇಡಂ ಅವರನ್ನು ಬಿಟ್ಟುಕೊಡುವವಳೂ ಅಲ್ಲ. ಮೇಜಿನ ಮೇಲಿನ ಪುಸ್ತಕಗಳನ್ನು ಮತ್ತೆ ಜೋಡಿಸತೊಡಗಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಮೇಡಂ ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಅವರಿಗೂ ತಪ್ಪುತ್ತಿತ್ತೇನೋ. ಆದರೆ ಹುಡುಗಿಯ ಕಿವಿ ಕೆಂಪಾದದ್ದನ್ನು ಅವರಿಂದ ನೋಡಲಾಗಲಿಲ್ಲ.

“ಹೊಸ ಹಾಳೆ ತರಿಸಿ ನಾನೇ ಹಳೇದು ಮಾಡಿದೆ,” ಎಂದರು. “ಪರೀಕ್ಷೆ ಬರೀ ನೆಪ. ಮಕ್ಕಳದೇನೂ ತಪ್ಪಿಲ್ಲ.”

ಬಹುಮಾನ ಬೇರೆ ಶಾಲೆಗೆ ಹೋಯಿತು. ಸೋಮವಾರ ಮುಖ್ಯೋಪಾಧ್ಯಾಯರು ಬಿಸಿನೀರು ಗುಟುಕರಿಸಿ, ಮೆತ್ತಗೆ ಒಂದು ಪತ್ರ ಕೊಟ್ಟರು. ಮೂರೇ ಸಾಲು. ತಿಂಗಳ ಕೊನೆಗೆ ಸೇವೆ ಮುಕ್ತಾಯ.

ತರಗತಿಯಲ್ಲಿ ತಕ್ಕಡಿ ಮೂವತ್ತೊಂಬತ್ತು ಹಾಳೆ ಮುಂದಿಟ್ಟುಕೊಂಡು ಕೂತಿದ್ದಳು. ಮೇಡಂ ಪತ್ರವನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿ. ಗುಮಾಸ್ತರು ಇದೊಂದಕ್ಕೆ ಹೊಸ ಹಾಳೆ ಬಳಸಿದ್ದರು. ಮೇಡಂಗೆ ಅಳು ಬಂತು, ತಡೆಯಲೂ ಹೋಗಲಿಲ್ಲ. ಪತ್ರವನ್ನು ಅವಳ ಮುಂದೆ ಚಾಚಿದರು.

ತಕ್ಕಡಿ ಮೂರು ಸಾಲನ್ನೂ ನಿಧಾನವಾಗಿ ಓದಿದಳು. “ಇದು ನಿಜವಾಗ್ಲೂ ಬೇಡದ್ದಾ ಮೇಡಂ?”

“ನಿಜವಾಗ್ಲೂ ಬೇಡದ್ದೇ ಕಣಮ್ಮ.”

ಅವಳು ಅದನ್ನು ನಲವತ್ತನೆಯದಾಗಿ ಇಟ್ಟು, ಅಂಚು ಸರಿಮಾಡಿ, ಸೂಜಿಗೆ ದಾರ ಪೋಣಿಸಿದಳು.