ಜಾಗ ಸಾಲದ ‘ಬಹುದು’

ಪತ್ರಿಕೆಯ ಆರೋಗ್ಯ ಪುಟ ನೋಡಿಕೊಳ್ಳುತ್ತಿದ್ದ ಉಪಸಂಪಾದಕನಿಗೆ ಅಂದು ಸಂಜೆ ಬಂದ ಕಷ್ಟ ಎರಡೇ ಕಾಲಮ್ಮಿನದು. ವರದಿಗಾರ್ತಿ ಕೊಟ್ಟ ಶೀರ್ಷಿಕೆ, ‘ಸಂಸ್ಕರಿಸಿದ ಮಾಂಸ ಅತಿಯಾಗಿ ತಿಂದರೆ ಲಿವರ್ ಕ್ಯಾನ್ಸರ್ ಅಪಾಯ ತುಸು ಹೆಚ್ಚಿರಬಹುದು’. ಪಕ್ಕದಲ್ಲೇ ಹಾಸಿಗೆ ಅಂಗಡಿಯ ಜಾಹೀರಾತು ಕಾಲು ಚಾಚಿ ಮಲಗಿತ್ತು. ಜಾಹೀರಾತಿಗೆ ಕತ್ತರಿ ಹಾಕುವಂತಿಲ್ಲ, ಸತ್ಯಕ್ಕೆ ಹಾಕಬಹುದು. ‘ಸಂಸ್ಕರಿಸಿದ’ ಹೋಯಿತು. ‘ಅತಿಯಾಗಿ’, ‘ಅಪಾಯ’, ‘ತುಸು’, ‘ಹೆಚ್ಚು’ ಹೋದವು. ಕೊನೆಗೆ ‘ಬಹುದು’ ಕೂಡ ಜಾಗ ಸಾಲದೆ ಹೊರನಡೆಯಿತು. ಉಳಿದದ್ದು, ‘ಮಾಂಸ ತಿಂದರೆ ಲಿವರ್ ಕ್ಯಾನ್ಸರ್’. ಚೂರು ಜಾಗ ಮಿಕ್ಕಿತೆಂದು ಕೊನೆಗೊಂದು ಉದ್ಗಾರ ಚಿಹ್ನೆಯನ್ನೂ ನೆಟ್ಟ.

ಮರುದಿನ ಮನೆಯಲ್ಲಿ ಅದನ್ನು ಮೊದಲು ಓದಿದವರು ಮಾವ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾಗಿ ಮಗಳ ಮನೆ ಸೇರಿದವರು. ಕೆಂಪು ಬಾವುಟ ತೋರಿಸುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ.

“ಅಳಿಯಂದ್ರೆ, ಇನ್ಮೇಲೆ ಈ ಮನೇಲಿ ಮಾಂಸ ಬೇಯೋ ಹಾಗಿಲ್ಲ. ನಿಮ್ಮ ಪೇಪರೇ ಹೇಳಿದೆ.”

“ಮಾವ, ಅದು ಅಷ್ಟು ಖಂಡಿತ ಏನಲ್ಲ...”

“ಹಾಗಾದ್ರೆ ಸುಳ್ಳು ಬರೆದ್ರಾ?”

ಫ್ರಿಜ್ಜಿನಲ್ಲಿದ್ದ ಕೋಳಿ ಪಕ್ಕದ ಮನೆಯ ಪಾಲಾಯಿತು; ಅವರು ಲಿವರಿನ ಬಗ್ಗೆ ಚಕಾರ ಎತ್ತದೆ ತೆಗೆದುಕೊಂಡರು. ಹದಿನೈದು ದಿನ ಎರಡು ಹೊತ್ತೂ ಸೋರೆಕಾಯಿ. ಮಾವ ಮಾತ್ರ ಪ್ರತಿ ಸಂಜೆ ಯಥಾಪ್ರಕಾರ ಬಾಟಲಿ ತೆರೆದು, ಮೂರು ಪೆಗ್ ಏರಿಸಿ, ಲಿವರ್ ಎಷ್ಟು ಸೂಕ್ಷ್ಮವಾದ ಅಂಗ ಎಂದು ಮನೆಮಂದಿಗೆಲ್ಲ ಪಾಠ ಹೇಳುತ್ತಿದ್ದರು.

ಮಗಳಿಗೆ ತಲೆ ಕೆಟ್ಟಿತು. ಆ ಪುಟದ ಸಮೇತ ಅಪ್ಪನನ್ನು ವೈದ್ಯೆಯ ಬಳಿಗೆ ಎಳೆದೊಯ್ದಳು. ಗಂಡನೂ ಹಿಂದೆ ಹೋದ.

ವೈದ್ಯೆ ಪುಟ ಓದಿದರು, ಮಾವನ ಹೊಟ್ಟೆಯ ಬಲಭಾಗ ಒತ್ತಿ ನೋಡಿದರು.

“ಯಾರ್ರೀ ಇದನ್ನ ಬರೆದವ್ರು? ಸಾಸೇಜು, ಡಬ್ಬಿ ಮಾಂಸ ಅಂಥದ್ದನ್ನ ಜಾಸ್ತಿ ತಿನ್ನೋರಲ್ಲಿ ಅಪಾಯ ಸ್ವಲ್ಪ ಹೆಚ್ಚು ಅಂತ ಕೆಲವು ಅಧ್ಯಯನಗಳು ಹೇಳ್ತವೆ. ಅದೇ ಕಾರಣ ಅಂತ ಖಚಿತ ಆಗಿಲ್ಲ. ಕೋಳಿ, ಮೀನಿನ ಮೇಲೆ ಅಂಥ ದೂರೂ ಇಲ್ಲ. ಆದ್ರೆ ಕುಡಿತದ ವಿಷಯದಲ್ಲಿ ಅನುಮಾನಾನೇ ಬೇಡ. ನಿಮ್ಮ ಲಿವರ್ ಊದಿದೆ. ಎಷ್ಟು ಕುಡೀತೀರಿ?”

ಮಾವ ಚಾವಣಿ ನೋಡಿದರು. “ಕುಡಿಬಾರ್ದು ಅಂತ ಪೇಪರಲ್ಲಿ ಬಂದಿರ್ಲಿಲ್ವಲ್ಲ, ಡಾಕ್ಟ್ರೇ.”

“ವರದೀಲಿತ್ತು ಮಾವ, ಕೊನೇ ಪ್ಯಾರಾದಲ್ಲಿ. ಅದನ್ನೂ ನಾನೇ ತೆಗೆದೆ” ಎಂದುಬಿಟ್ಟ ಅಳಿಯ. ಆಮೇಲೆ ಶೀರ್ಷಿಕೆಯ ಕಥೆಯನ್ನೂ ಒಪ್ಪಿಸಲೇಬೇಕಾಯಿತು.

“ಅಂದ್ರೆ ನಮಗೆ ಸೋರೆಕಾಯಿ ತಿನ್ನಿಸಿದ್ದು ನೀವು!” ಎಂದಳು ಹೆಂಡತಿ.

ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಾಣಲಿಲ್ಲ, ಕೊಬ್ಬು ಧಾರಾಳವಾಗಿ ಕಂಡಿತು. ಕುಡಿತ ಬಿಟ್ಟರೆ ಚೇತರಿಸಿಕೊಳ್ಳಲು ಇನ್ನೂ ಕಾಲವಿದೆ ಎಂದರು ವೈದ್ಯೆ. ಮಾವ ಬಿಟ್ಟರು. ಬಿಟ್ಟ ಮೊದಲ ವಾರ ಮನೆಯವರ ಮೇಲೆಲ್ಲ ಹರಿಹಾಯ್ದರು, ಕಾಲಿಗೆ ಸಿಕ್ಕ ಕುರ್ಚಿಗೂ ಬೈದರು. ಮುಂದಿನ ಭಾನುವಾರ ಚೀಲ ಹಿಡಿದು ಹೋಗಿ ತಾವೇ ಕೋಳಿ ತಂದರು, ಊಟಕ್ಕೆ ತಾವೇ ಬಡಿಸಿದರು. ಅಳಿಯನ ತಟ್ಟೆಗೆ ಬಿದ್ದದ್ದು ಕತ್ತಿನ ಮೂಳೆ. ಅವನು ಅದನ್ನೇ ಚೀಪಿದ.