ಎಂಟನೆಯ ತಲೆಮಾರು

ಸೆಯಿತ್‌ಕಾಜಿಯವರು ಯಾರ ಕೈಯನ್ನೂ ಸುಮ್ಮನೆ ಕುಲುಕಿದವರಲ್ಲ. ಎದುರಿಗೆ ಬಂದವನ ಅಂಗೈಯನ್ನು ತಮ್ಮೆರಡು ಕೈಗಳ ನಡುವೆ ಬಿಗಿಯಾಗಿ ಹಿಡಿದು, ಬಿಳಿಯ ಹುಬ್ಬುಗಳನ್ನು ಮೇಲೆತ್ತಿ, "ಯಾರ ಮೂಳೆಯಪ್ಪಾ ನೀನು?" ಎಂದು ಕೇಳುವರು, ಅವನು ತಂದೆ, ತಂದೆಯ ತಂದೆ ಎಂದು ಏಳು ತಲೆಮಾರಿನ ಗಂಡಸರ ಹೆಸರುಗಳನ್ನು ತಡವರಿಸದೆ ಒಪ್ಪಿಸುವ ತನಕ ಹಿಡಿದ ಕೈ ಬಿಡುವವರಲ್ಲ. ನಮ್ಮ ನರಿನ್ ಕಣಿವೆಯಲ್ಲಿ ಈ ಪರೀಕ್ಷೆಯಲ್ಲಿ ನಪಾಸಾದವನಿಗೆ ಅವರ ಮನೆಯಲ್ಲಿ ಚಹವೂ ತಣ್ಣಗೇ ಸಿಗುತ್ತಿತ್ತು. ಮನುಷ್ಯನಿಗೆ ಮೂಳೆ ಬರುವುದು ತಂದೆಯಿಂದ, ಮಾಂಸ ಬರುವುದು ತಾಯಿಯಿಂದ, ಉಳಿಯುವುದು ಮೂಳೆಯೊಂದೇ ಎಂಬುದು ಅವರ ಪಾಲಿಗೆ ವಾದಾತೀತ ಸತ್ಯ.

ಬೇಸಗೆಯಲ್ಲೂ ಕುರಿದೊಗಲಿನ ಕೋಟು, ತಲೆಯ ಮೇಲೆ ಉಣ್ಣೆಯ ಬಿಳಿ ಟೋಪಿ, ಕುದುರೆಯ ಮೇಲೆಯೇ ಆಯುಷ್ಯ ಸವೆಸಿದವರ ಬಿಲ್ಲುಗಾಲಿನ ನಡಿಗೆ. ವಾದದಲ್ಲಿ ಸಿಕ್ಕಿಬಿದ್ದರೆ ಗಂಟಲು ಕೆರೆದು "ಅದಿರಲಿ" ಎನ್ನುವರು. ಅಲ್ಲಿಗೆ ವಾದ ಮುಗಿಯಿತು. ಔತಣದ ದಿನ ಬೆಂದ ಕುರಿಯನ್ನು ಹಂಚುವಾಗ ಅವರ ಚಾಕು ಒಬ್ಬೊಬ್ಬರ ಅಂತಸ್ತನ್ನೂ ತೀರ್ಮಾನಿಸುತ್ತಿತ್ತು: ಸೊಂಟದ ಮೂಳೆ ಕುಲದ ಹಿರಿಯರಿಗೆ, ತೊಡೆಯದು ನಂತರದವರಿಗೆ, ಪಕ್ಕೆಲುಬು ನನಗೆ. ನಾನು ಅವರ ಸೊಸೆ ಕಾಲಿಚಾಳ ಅಣ್ಣ, ಹೆಣ್ಣು ಕೊಟ್ಟ ಕಡೆಯವನು, ಅಂದರೆ ಬರಿಯ ಮಾಂಸ.

ಪಕ್ಕೆಲುಬಿಗೆ ನಾನೆಂದೂ ಸಿಟ್ಟಾದವನಲ್ಲ. ಸಿಟ್ಟು ಬಂದದ್ದು ಕಾಲಿಚಾಳ ಮಗಳು ಬೆಗಿಮಾಯಳ ಎರಡೂ ಮೂತ್ರಪಿಂಡಗಳು ಕೆಟ್ಟುನಿಂತಾಗ. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ರಾಜಧಾನಿ ಬಿಷ್ಕೆಕ್‌ನ ವೈದ್ಯೆ ಗುಲ್ಸೂನ್ ನಮ್ಮೆಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು: "ಇವಳಿಗೆ ಬೇರೆಯವರ ಕಿಡ್ನಿ ಹಾಕ್ಬೇಕು. ಮೈಯ ಕಣಕಣದ ಮೇಲೂ ಒಂದು ಗುರುತು ಇರುತ್ತೆ. ಮಗುಗೆ ಅರ್ಧ ಅಪ್ಪಂದು, ಅರ್ಧ ಅಮ್ಮಂದು. ಕೊಡೋರ ಗುರುತು ಇವಳ ಗುರುತಿಗೆ ಎಷ್ಟು ಹೊಂದುತ್ತೋ, ಕಿಡ್ನಿಗೆ ಅಷ್ಟು ಆಯಸ್ಸು. ಒಂದ್ ಮಾತು ಚೆನ್ನಾಗಿ ಕೇಳ್ಕೊಳಿ, ಪ್ರಾಣಕ್ಕೇ ಕುತ್ತು ಬಂದ ಹೊರತು ಇವಳಿಗೆ ಯಾರ ರಕ್ತಾನೂ ಏರಿಸ್ಬೇಡಿ. ಬೇರೆಯವರ ಗುರುತನ್ನ ಒಂದ್ಸಲ ಪರಿಚಯ ಮಾಡ್ಕೊಂಡ್ರೆ ಮೈ ಅದನ್ನ ಮರೆಯಲ್ಲ, ವೈರಿ ಅಂತ ಕಾಯ್ತಾ ಕೂತಿರುತ್ತೆ."

ಕಾಲಿಚಾಳಿಗೆ ಸಕ್ಕರೆ ಕಾಯಿಲೆ, ಅವಳದು ಬೇಡವೆಂದಾಯಿತು. ಅಪ್ಪ ದೊರೊನ್, ಸೆಯಿತ್‌ಕಾಜಿಯವರ ಮಗ, ಗಟ್ಟಿಮುಟ್ಟು, ಅರ್ಧ ಗುರುತಿನವನು, ಕೊಡಲು ತುದಿಗಾಲಲ್ಲಿ ನಿಂತಿದ್ದ. ನನ್ನನ್ನೂ ಪರೀಕ್ಷಿಸಿ ಎಂದೆ. ಸೆಯಿತ್‌ಕಾಜಿಯವರು ನಕ್ಕರು. "ಬೀಗರೇ, ನಿಮ್ಮನೆ ಸಾಮಾನು ನಿಮ್ಮ ಹತ್ರಾನೇ ಇರ್ಲಿ. ನಮ್ಮ ಕುಲ ಏನು ಬರಿದಾಗೋಗಿದ್ಯಾ?"

ಶಸ್ತ್ರಚಿಕಿತ್ಸೆಯ ದಿನ ಕಾಯುತ್ತ ಹುಡುಗಿ ಊರಿಗೆ ಬಂದಿದ್ದಾಗ ಮುಖ ಬಿಳಿಚಿಕೊಂಡಿತ್ತು. ರಕ್ತ ಕಡಿಮೆಯಿದೆ, ಸೂಜಿಮದ್ದಿನಿಂದ ನಿಧಾನವಾಗಿ ಏರುತ್ತದೆ ಎಂದು ಗುಲ್ಸೂನ್ ಮೊದಲೇ ತಿಳಿಸಿದ್ದಳು. ಮುದುಕ ಸೆಯಿತ್‌ಕಾಜಿಯವರಿಗೆ ಕೇಳಿಸಿದ್ದು ರಕ್ತ ಕಡಿಮೆ ಎಂಬ ಎರಡು ಪದ ಮಾತ್ರ. ಮರುದಿನವೇ ನಮ್ಮೂರಿನ ಆಸ್ಪತ್ರೆಯ ಅಂಗಳದಲ್ಲಿ ಕುಲದ ಗಂಡಸರ ಸಾಲು! ದೊರೊನ್, ಅವನ ತಮ್ಮಂದಿರು, ದಾಯಾದಿಗಳು, ಎಲ್ಲರೂ ರಕ್ತ ಕೊಡಲು ಅಂಗಿಯ ತೋಳು ಮಡಚಿ ನಿಂತಿದ್ದರು. ಅಲ್ಲಿನ ಎಳೆಯ ವೈದ್ಯ ಬಿಳಿಗಡ್ಡಕ್ಕೆ ಎದುರಾಡಲಾರದೆ ಸೂಜಿ ಸಿದ್ಧಮಾಡುತ್ತಿದ್ದ. "ಬೇಡ, ಗುಲ್ಸೂನ್ ಬೇಡ ಅಂದಿದ್ದಾಳೆ" ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಸ್ವಂತ ರಕ್ತ ಕಣ್ರೀ ಇದು, ವಿಷ ಅಲ್ಲ. ಮಾಂಸದ ಕಡೆಯವರಿಗೆ ಎಲ್ಲಿ ಅರ್ಥ ಆಗ್ಬೇಕು! ಹೋಗಿ, ಚಹ ಕುಡೀರಿ" ಎಂದರು ಸೆಯಿತ್‌ಕಾಜಿಯವರು.

ರಕ್ತ ಏರಿಸಿದರು, ಹುಡುಗಿಯ ಕೆನ್ನೆ ಕೆಂಪೇರಿತು. ಮುದುಕರು ಊರೆಲ್ಲ ಬಿಲ್ಲುಗಾಲಿನಲ್ಲಿ ಸುತ್ತಾಡಿ, "ಮೂಳೆ ಹೇಗೆ ಮಾತಾಡ್ತು ನೋಡಿದ್ರಾ?" ಎಂದು ಬೀಗಿದರು. ಮಾತಾಡಿದ್ದು ಹೌದು, ಆದರೆ ಬಿಷ್ಕೆಕ್‌ನಲ್ಲಿ. ಶಸ್ತ್ರಚಿಕಿತ್ಸೆಗೆ ಮುನ್ನಿನ ಕಡೆಯ ಪರೀಕ್ಷೆಯಲ್ಲಿ ಬೆಗಿಮಾಯಳ ರಕ್ತದ ತಿಳಿಯೊಡನೆ ಅಪ್ಪನ ಕಣಗಳನ್ನು ಬೆರೆಸಿದರೆ, ಅದು ಅವನ್ನು ಕೊಂದುಹಾಕಿತು. ಕೊಟ್ಟ ರಕ್ತದಿಂದಲೇ ಅವಳ ಮೈ ತನ್ನಲ್ಲಿಲ್ಲದ ಅಪ್ಪನ ಇನ್ನರ್ಧ ಗುರುತನ್ನು ವೈರಿಯೆಂದು ಕಲಿತುಬಿಟ್ಟಿತ್ತು.

"ಯಾರ್ರೀ ರಕ್ತ ಕೊಡಿ ಅಂದೋರು?" ಗುಲ್ಸೂನ್ ಮೇಜು ಗುದ್ದಿದಳು. "ಈಗ ಇವರ ಕಿಡ್ನಿ ಇಟ್ರೆ ಹುಡುಗಿ ಮೈ ಅದನ್ನ ಆಗಿಂದಾಗ್ಲೇ ಸುಟ್ಟುಹಾಕುತ್ತೆ!"

ದೊರೊನ್ ಮುದುಕರತ್ತ ತಿರುಗಿದ. "ಅಪ್ಪಾ, ನನ್ನ ಮಗಳಿಗೆ ನಾನೇ ಆಗ್ದಂಗೆ ಮಾಡ್ಬಿಟ್ರಲ್ಲ."

ಸೆಯಿತ್‌ಕಾಜಿಯವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಅವರ ನೆತ್ತಿಯನ್ನು ನಾನು ಕಂಡದ್ದು ಅಂದೇ ಮೊದಲು. ನೆಲ ನೋಡುತ್ತ, "ಅದಿರಲಿ" ಎಂದರು. ಅಯ್ಯೋ, ಆ ಕ್ಷಣ ಅವರ ಗಡ್ಡ ಹಿಡಿದು ಅಲ್ಲಾಡಿಸಬೇಕೆನ್ನಿಸಿತು!

ನನ್ನನ್ನು ಪರೀಕ್ಷಿಸಿದರು. ಕಾಲಿಚಾ ಮಗಳಿಗೆ ಕೊಟ್ಟಿದ್ದ ಅರ್ಧ ಗುರುತೇ ನನ್ನಲ್ಲೂ ಇತ್ತು. ಇಲ್ಲದೆಯೂ ಇರಬಹುದಿತ್ತು, ಅದು ಅದೃಷ್ಟ ಎಂದಳು ಗುಲ್ಸೂನ್. ಹುಡುಗಿಯ ರಕ್ತ ನನ್ನ ಕಣಗಳ ಮೇಲೆ ಜಗಳಕ್ಕೆ ಬರಲಿಲ್ಲ. ನನ್ನ ಮೂತ್ರಪಿಂಡ ಅವಳ ಹೊಟ್ಟೆಯಲ್ಲಿ ಕೆಲಸಕ್ಕೆ ಕೂತಿತು.

ಅವಳು ಚೇತರಿಸಿಕೊಂಡ ಸಂತೋಷಕ್ಕೆ ಮುದುಕರು ಔತಣ ಮಾಡಿದರು. ಕುರಿ ಹಂಚುವಾಗ, ಸಭೆಯೆಲ್ಲ ನೋಡುತ್ತಿರುವಂತೆ, ಸೊಂಟದ ಮೂಳೆಯನ್ನು ಎರಡೂ ಕೈಗಳಿಂದ ನನ್ನ ಮುಂದಿಟ್ಟರು. ಕ್ಷಮೆ ಕೇಳುತ್ತಾರೆಂದುಕೊಂಡೆ. ಅವರು ಗಡ್ಡ ನೀವಿ ಘೋಷಿಸಿದರು: "ನಂಗೆ ಆಗ್ಲೇ ಅನುಮಾನ ಇತ್ತು. ಲೆಕ್ಕ ಹಾಕಿ ನೋಡ್ದೆ. ನಮ್ಮ ಬೀಗರ ಹಿಂದಿನೋರು ನಮ್ಮೋರೇ, ಅವರದೂ ನಮ್ಮ ಮೂಳೇನೇ. ಅದಕ್ಕೇ ಹಿಡೀತು!"

"ಆಹಾ! ಹಾಗಾದ್ರೆ ನಿಮ್ಮ ಮಗ ನನ್ನ ತಂಗೀನ ಕಟ್ಕೊಂಡಿದ್ದು ಹೇಗೆ? ಏಳು ತಲೆಮಾರಿನೊಳಗೆ ಮದುವೆ ಮಹಾಪಾಪ ಅಂತ ಸಾರೋರು ನೀವೇ ಅಲ್ವಾ?"

ಅವರ ಹುಬ್ಬು ಕೂಡ ಅಲುಗಲಿಲ್ಲ. "ಎಂಟನೇ ತಲೆಮಾರು, ಬೀಗರೇ. ಅದಿರಲಿ, ಮೂಳೆ ಆರೋಗುತ್ತೆ, ತಿನ್ನಿ."

ಬೆಗಿಮಾಯ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನು ಹೊಲಿಗೆಯ ಗಾಯ ಒತ್ತಿಕೊಂಡು ಕೂತೆ. ಬೇರೆಯವರ ಮೂತ್ರಪಿಂಡ ಜೀವಮಾನವಿಡೀ ಬಾಳುವುದು ಅಪರೂಪ. ಅವಳಿಗೋ ಇನ್ನೂ ಹತ್ತೊಂಬತ್ತು. ನನ್ನದು ಸೋತ ದಿನ ಅಪ್ಪನದೊಂದು ಕಾದಿರಬೇಕಿತ್ತು. ಆ ಬಾಗಿಲನ್ನು ಈ ಮುದುಕರು ಮುಚ್ಚಿದರು, ಅದೂ ಪ್ರೀತಿಯಿಂದ.

ಇಂಥವರನ್ನು ಕಲ್ಲೆದೆಯವರು ಎನ್ನುವಂತಿಲ್ಲ, ನನ್ನ ಸಂಕಟವೇ ಅದು. ತಮ್ಮವರಿಗಾಗಿ ರಕ್ತ ಸುರಿಸುತ್ತಾರೆ, ಕೇಳಿದರೆ ಪ್ರಾಣವನ್ನೂ ಕೊಟ್ಟಾರು. ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಕೊಡಲಾರರು. ಆ ಮಾತನ್ನು ನುಂಗಿಕೊಳ್ಳಲು ಸತ್ತ ಪೂರ್ವಜನೊಬ್ಬನನ್ನು ಬೇಕಾದರೂ ಹುಟ್ಟಿಸಿಯಾರು. ಆದರೆ ನನ್ನ ತಂಗಿಯ ಮಗಳು ಬೆಗಿಮಾಯಳಿಗೆ ಮುಂದೊಂದು ದಿನ ಬೇಕಾಗುವುದು ಬದುಕಿರುವವರ ಮೂತ್ರಪಿಂಡ. ಎಂಟನೆಯ ತಲೆಮಾರಿನ ಆ ಮಹಾಶಯ ಅದನ್ನು ಎಲ್ಲಿಂದ ತಂದುಕೊಡುತ್ತಾನೆ?