ಹುಲ್ಲು ಬೆಳೆದ ಮೂಲೆಗೇ ಮೊದಲ ನಂಬರ್

ಮುಚ್ಚಿದ ಬ್ಯಾಟರಿ ಕಾರ್ಖಾನೆಯ ಗೋಡೆ ಬಿದ್ದಂದಿನಿಂದ ಓಣಿಯ ಕೋಳಿಗಳಿಗೆಲ್ಲ ಅದೇ ಮೇವಿನ ಜಾಗ. ಹದಿನೆಂಟು ವರ್ಷ ಅಲ್ಲಿ ಫಿಟ್ಟರ್ ಆಗಿದ್ದ ತಾತ ಎಲ್ಲರಿಗಿಂತ ಜಾಣ. ಎಣ್ಣೆ ಚೆಲ್ಲಿ ಗಬ್ಬು ನಾರುತ್ತಿದ್ದ ಜನರೇಟರ್ ಕಟ್ಟೆಗೆ ಮುಳ್ಳುತಂತಿ ಸುತ್ತಿದ. ತನ್ನ ಆರು ಕೋಳಿಗಳನ್ನು ಶೆಡ್ಡಿನ ಹಿಂದೆ ಹುಲ್ಲು ಬೆಳೆದ ಮೂಲೆಗೆ ಅಟ್ಟಿದ. ಅವುಗಳ ಮೊಟ್ಟೆ ದಿನವೂ ಎರಡು ವರ್ಷದ ಮೊಮ್ಮಗಳ ತಟ್ಟೆ ಸೇರುತ್ತಿತ್ತು.

ಒಂದು ಬೆಳಗ್ಗೆ ನೋಡಿದರೆ ಕಾರ್ಖಾನೆಯ ತುಂಬ ನಂಬರ್ ಬರೆದ ಗೂಟಗಳು. ನೆಟ್ಟವಳು ತಾತನ ನಾದಿನಿ. ಮಣ್ಣು ಪರೀಕ್ಷಿಸಿ, ಯಾವ ಜಾಗವನ್ನು ಮೊದಲು ಶುದ್ಧ ಮಾಡಬೇಕೆಂದು ನಂಬರ್ ಹಾಕುವುದೇ ಅವಳ ಕೆಲಸ.

"ಏನಮ್ಮ, ಗೂಟ ಅದಲುಬದಲಾಗಿದೆಯಲ್ಲ! ಮೂಗು ಮುಚ್ಕೊಳ್ಳೋ ಜಾಗಕ್ಕೆ ಮೂರು, ಹಸಿರಾಗಿರೋ ಜಾಗಕ್ಕೆ ಒಂದಾ?"

"ವಿಷ ಅಂದ್ರೆ ನಾರಲೇಬೇಕಾ ಭಾವ? ಹಳೇ ಬ್ಯಾಟರಿ ಒಡೀತಿದ್ದದ್ದು ಎಲ್ಲಿ, ನೀವೇ ಹೇಳಿ."

ತಾತ ತಲೆ ಕೆರೆದುಕೊಂಡ. "ಅದೇ ಮೂಲೇಲಿ. ಆದ್ರೆ ಮೇಲೆ ಹೊಸ ಮಣ್ಣು ಹರಡಿದ್ವಲ್ಲ."

"ಒಂದು ಗೇಣೂ ಇಲ್ಲ ಅದು. ಕೆಳಗೆಲ್ಲ ಸೀಸ. ವಿಷ ಎಷ್ಟಿದೆ, ಎಲ್ಲಿಗೆ ಹರಿಯುತ್ತೆ, ಯಾರ ಹೊಟ್ಟೆ ಸೇರುತ್ತೆ, ಇದನ್ನ ನೋಡಿ ನಾವು ನಂಬರ್ ಕೊಡೋದು. ಎಣ್ಣೆ ಸಿಮೆಂಟ್ ಮೇಲೆ ಕೂತಿದೆ, ಕದಲಲ್ಲ. ಈ ಮೂಲೆ ನೀರು ಮೀನಿರೋ ಹೊಂಡಕ್ಕೆ ಹೋಗುತ್ತೆ. ಇಲ್ಲಿನ ಎರೆಹುಳದಲ್ಲೂ ಸೀಸ ಸಿಕ್ಕಿದೆ. ಹುಳಾನ ಕೋಳಿ ತಿನ್ನುತ್ತೆ, ಅಲ್ಲಿಂದ ಮೊಟ್ಟೆಗೆ ಬರುತ್ತೆ."

ತಾತ ಮೂಲೆಯಲ್ಲಿ ಮೇಯುತ್ತಿದ್ದ ತನ್ನ ಕೋಳಿಗಳತ್ತ ತಿರುಗಿದ. "ಮಗು ತಿಂಗಳಿಂದ ಅದೇ ಮೊಟ್ಟೆ ತಿಂತಿದೆ ಕಣಮ್ಮ."

"ನಿಮ್ಮ ಜಾಣತನಕ್ಕಿಷ್ಟು ಬೆಂಕಿ ಹಾಕ!" ಎಂದು ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಅಜ್ಜಿ ಆಗಲೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಮಗುವಿನ ರಕ್ತ ಪರೀಕ್ಷೆಗೆ ಕೊಟ್ಟು ಬಂದ ಮೇಲೆ ನಾಲ್ಕು ದಿನ ಮನೆಯವರೆಲ್ಲ ವರದಿಯ ದಾರಿ ಕಾದರು.

ಐದನೇ ದಿನ ಡಾಕ್ಟರು ವರದಿ ನೋಡಿ ನಕ್ಕರು. "ರಕ್ತದಲ್ಲಿ ಸೀಸ ಸ್ವಲ್ಪವೇ ಇದೆ, ಹೆದರೋ ಹಾಗೇನಿಲ್ಲ. ಒಳ್ಳೇ ಹೊತ್ತಿಗೆ ನಿಲ್ಲಿಸಿದ್ರಿ. ಆ ಮೊಟ್ಟೆ ಇನ್ನು ಬೇಡ. ಮೂರು ತಿಂಗಳಿಗೆ ಇನ್ನೊಮ್ಮೆ ಕರ್ಕೊಂಡ್ ಬನ್ನಿ."

ತಾತ ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತ. ಅಷ್ಟು ಹಗುರ ಅವನಿಗೆ ಯಾವತ್ತೂ ಆಗಿರಲಿಲ್ಲ. ಸಂಜೆ ಮನೆಮನೆಗೂ ಹೋಗಿ ನಿಂತ. "ಅಲ್ಲೇ ದುಡಿದ ನನಗೇ ತಿಳೀಲಿಲ್ಲ, ನಿಮಗೆ ಹೇಗೆ ತಿಳೀಬೇಕು? ಮೊದಲು ಕೋಳಿ ಕೂಡಿ ಹಾಕ್ರಪ್ಪ."

ನಿಮ್ಮ ಮನೆಯ ಹತ್ತಿರವೂ ಹಳೇ ಕಾರ್ಖಾನೆ ಇದೆಯೇ? ಕಣ್ಣು ಮೂಗನ್ನಷ್ಟೇ ನಂಬಿ ಕೂರಬೇಡಿ. ಎಲ್ಲಿ ಏನು ಚೆಲ್ಲುತ್ತಿದ್ದರು ಎಂದು ಅಲ್ಲಿ ದುಡಿದವರನ್ನು ಕೇಳಿ. ಮಣ್ಣು ಪರೀಕ್ಷೆಗೆ ಅರ್ಜಿ ಕೊಡಿ. ಎಲ್ಲವೂ ಒಂದೇ ದಿನಕ್ಕೆ ಶುದ್ಧವಾಗದು. ಹೆಚ್ಚು ಅಪಾಯವಿರುವ ಜಾಗದಿಂದಲೇ ಕೆಲಸ ಶುರುವಾಗಲಿ ಎಂದು ಪಟ್ಟು ಹಿಡಿಯಿರಿ. ಅಲ್ಲಿಯವರೆಗೆ ನಿಮ್ಮ ಮಕ್ಕಳೂ ಕೋಳಿಗಳೂ ಆ ಮಣ್ಣಿಗೆ ಇಳಿಯದಿರಲಿ.